ಧೂಳಿನ ಬೆಲ್ಲ

"ಕೈ ಯಾಕೆ ಚಾಚಿದೆ ನೀನು?"

"ನೀವು ಬೆಲ್ಲದ ಡಬ್ಬಿ ತಂದ್ರಿ. ಚಾಚಿದೆ."

"ತಂದ ತಕ್ಷಣ ಚಾಚಿಬಿಡೋದಾ? ಆ ಮೇಡಂ ಎದುರಿಗೇ ನಿಂತಿದ್ದು ಕಾಣ್ಲಿಲ್ವಾ ನಿನಗೆ? ಕಣ್ಣು ಹೋಗಿತ್ತಾ?"

"ಅವರು ಬೆಳಗ್ಗೆಯಿಂದ ನಿಂತೇ ಇದ್ರಲ್ಲ ಸಾರ್. ಅವರು ಇಲ್ಲವೇ ಇಲ್ಲ ಅನ್ಕೊಂಡು ಕೆಲಸ ಮಾಡಿ ಅಂದಿದ್ದು ನೀವೇ ಅಲ್ವಾ?"

"ನೋಡು, ನಾಲಿಗೆ ನೋಡು ಇವಳದ್ದು!"

ಮ್ಯಾನೇಜರ್ ಲಕ್ಷ್ಮೀಕಾಂತ ಕೂಗುತ್ತಿದ್ದ ರಭಸಕ್ಕೆ ಶೆಡ್ಡಿನ ತಗಡು ಹಾರಿಹೋಗಬೇಕಿತ್ತು. ಕೂಗಲು ಅವನಿಗೆ ಕಾರಣವಿತ್ತು. ಡಬ್ಬಿ ತಂದವನು ಅವನೇ. ಬೀಗ ತೆಗೆದವನೂ ಅವನೇ. ಬೆಲ್ಲ ಹಂಚಿದವನೂ ಅವನೇ. ತಪ್ಪು ತನ್ನ ಕೊರಳಿಗೆ ಸುತ್ತಿಕೊಳ್ಳುವ ಮೊದಲೇ ಇನ್ನೊಬ್ಬರ ಕೊರಳಿಗೆ ಹಾಕಿಬಿಡಬೇಕಿತ್ತು. ಎದುರಿಗೆ ಉಚ್ಚಂಗಮ್ಮ ಇದ್ದಳು.

ಅಷ್ಟರಲ್ಲಿ ಮೇಡಂ ಅವರನ್ನು ಕಾರು ಹತ್ತಿಸಿ ಕಳಿಸಿ ಸಾಹುಕಾರ ವಿಶ್ವಾರಾಧ್ಯ ಬಂದ. ವಿಶ್ವಾರಾಧ್ಯ ಯಾರ ಮೇಲೂ ಸಿಟ್ಟು ಮಾಡುವವನಲ್ಲ. ಸಿಟ್ಟು ಮಾಡಲು ಲಕ್ಷ್ಮೀಕಾಂತನಿಗೆ ಸಂಬಳ ಕೊಟ್ಟಿದ್ದ. ಬಾಗಿಲಲ್ಲೇ ನಿಂತು, ಶೆಡ್ಡಿನ ಒಳಗೆ ಕಾಲಿಡದೆ, ಮೆಲ್ಲಗೆ ಕೇಳಿದ.

"ಉಚ್ಚಂಗಮ್ಮ, ಯಾರು ಹೇಳಿಕೊಟ್ಟರು?"

"ಏನನ್ನ ಸಾರ್?"

"ಮೇಡಂ ಮುಂದೆ ಹೀಗೆ ಮಾಡು, ಹೀಗೆ ಹೇಳು ಅಂತ. ಯೂನಿಯನ್ನಿನವರಾ? ನಮ್ಮ ಆರ್ಡರ್ ಮೇಲೆ ಕಣ್ಣು ಹಾಕಿರೋ ತುಮಕೂರಿನವರಾ? ಹೇಳು, ಏನೂ ಮಾಡಲ್ಲ."

"ಬೆಲ್ಲ ತಿನ್ನೋದನ್ನ ಯಾರು ಹೇಳಿಕೊಡಬೇಕು ಸಾರ್?"

ವಿಶ್ವಾರಾಧ್ಯ ನಂಬಲಿಲ್ಲ. ಕೇರಿಯ ಹೆಂಗಸೊಬ್ಬಳು ತನ್ನಷ್ಟಕ್ಕೆ ತಾನೇ ಬಾಯಿ ತೆರೆಯುತ್ತಾಳೆ ಎಂಬುದು ಅವನ ತಲೆಯೊಳಗೆ ಹೋಗುವ ಮಾತೇ ಆಗಿರಲಿಲ್ಲ. ಹಿಂದೆ ಯಾರೋ ಇರಲೇಬೇಕು.

ನಿಜಕ್ಕೂ ಯಾರೂ ಇರಲಿಲ್ಲ.

ಮಲವಗೊಪ್ಪ ದಾಟಿ ಭದ್ರಾವತಿ ಕಡೆ ಬರುವಾಗ ರಸ್ತೆಯಿಂದ ಒಳಗೆ ಇರುವ ಈ ಫ್ಯಾಕ್ಟರಿ ಬಿಂದಿಗೆ, ಬಕೆಟ್ಟು ಮಾಡುವಂಥದ್ದಲ್ಲ. ಇಲ್ಲಿ ಬೆಂಕಿ ಹತ್ತದ ಪ್ಲಾಸ್ಟಿಕ್ ಮಾಡುತ್ತಾರೆ. ಬ್ಯಾಟರಿ ಸ್ಕೂಟರುಗಳ ಒಳಗೆ ಕೂರಿಸುವ ಭಾಗಗಳಿಗೆ ಅದು ಬೇಕು. ಪ್ಲಾಸ್ಟಿಕ್ ಕಾಳಿಗೆ ಕತ್ತರಿಸಿದ ಗಾಜಿನ ನೂಲು ಬೆರೆಸಬೇಕು. ಬೆಂಕಿ ತಡೆಯುವ ಬಿಳಿ ಪೌಡರ್ ಬೆರೆಸಬೇಕು. ಬೆರೆಸಿದ್ದು ಮುಂದಿನ ಮೆಷಿನ್ ಹಾಲಿಗೆ ಹೋಗಿ ಕರಗುತ್ತದೆ, ಎಳೆಯಾಗಿ ಬರುತ್ತದೆ, ಮತ್ತೆ ಕಾಳಾಗುತ್ತದೆ. ಮೆಷಿನ್ ಹಾಲಿನಲ್ಲಿ ಟೈಲ್ಸ್ ಇದೆ, ಫ್ಯಾನಿದೆ, ಗೋಡೆಯಲ್ಲಿ ದೇವಿಯ ಪಟವಿದೆ. ಅದರಾಚೆ ಪ್ಯಾಕಿಂಗ್ ಹಾಲು. ಬೆರೆಸುವ ಶೆಡ್ಡು ಮಾತ್ರ ಹಿಂದೆ, ಕಕ್ಕಸಿನ ಪಕ್ಕ. ಅಲ್ಲಿ ಕೆಲಸ ಮಾಡುವವರೆಲ್ಲ ಕೇರಿಯವರು. ಹಾಗಂತ ಯಾರೂ ಬೋರ್ಡು ಹಾಕಿರಲಿಲ್ಲ. ಹಾಕಬೇಕಾಗಿಯೂ ಇರಲಿಲ್ಲ.

ಉಚ್ಚಂಗಮ್ಮನ ಕೆಲಸ ಚೀಲ ಹೊರುವುದು. ಚೀಲವನ್ನು ಸೊಂಟಕ್ಕೆ ಒತ್ತಿಕೊಂಡು ಕಬ್ಬಿಣದ ಮೆಟ್ಟಿಲು ಹತ್ತಬೇಕು. ಮೇಲೆ ಡ್ರಮ್ಮಿನ ಬಾಯಿ. ಚೀಲದ ಮೂಲೆ ಸೀಳಿ ಮಗುಚಬೇಕು. ಮಗುಚಿದ ಕೂಡಲೇ ಬಿಳಿ ಹೊಗೆ ಎದ್ದು ಮುಖಕ್ಕೆ ಹೊಡೆಯುತ್ತದೆ. ಉಸಿರು ಕಟ್ಟಿಕೊಂಡೇ ಮಗುಚಬೇಕು. ಆದರೆ ಚೀಲ ಖಾಲಿಯಾಗುವವರೆಗೂ ಉಸಿರು ಕಟ್ಟಲು ಯಾರಿಂದ ಆಗುತ್ತದೆ? ಪೌಡರ್ ಕಣ್ಣಿಗಾದರೂ ಕಾಣುತ್ತದೆ. ಗಾಜಿನ ಚೂರು ಕಾಣುವುದಿಲ್ಲ. ಕತ್ತಿನ ಮಡಿಕೆ, ಮೊಣಕೈ ಒಳಭಾಗ, ರವಿಕೆಯ ಅಂಚು, ಎಲ್ಲಿ ಬೆವರಿದೆಯೋ ಅಲ್ಲಿ ಹೋಗಿ ಕೂರುತ್ತದೆ. ಕೆರೆದರೆ ಇನ್ನೂ ಒಳಗೆ ಇಳಿಯುತ್ತದೆ. ಬಿಸಿನೀರು ಹಾಕಿಕೊಂಡರೆ ಮೈಯೆಲ್ಲ ಉರಿ. ಮೊದಲು ತಣ್ಣೀರು ಸುರಿದುಕೊಳ್ಳಬೇಕು, ಚಳಿಗಾಲದಲ್ಲೂ. ಅವಳ ಸೀರೆಯನ್ನು ಮನೆಯವರ ಬಟ್ಟೆಯ ಜೊತೆ ನೆನೆಹಾಕುವಂತಿಲ್ಲ. ಮಗಳು ಸಮತಾ ಬಾಣಂತನಕ್ಕೆ ಬಂದಿದ್ದಾಗ ಒಂದು ಸಂಜೆ ಉಚ್ಚಂಗಮ್ಮ ಮರೆತು, ಕೆಲಸದ ಸೀರೆಯಲ್ಲೇ ಕೂಸನ್ನು ಎತ್ತಿಕೊಂಡಳು. ಕೂಸಿನ ಕೆನ್ನೆಯ ಮೇಲೆ ಕೆಂಪು ಗಂಧೆ ಎದ್ದಿತು. ಅತ್ತೂ ಅತ್ತೂ ಸುಸ್ತಾಗಿ ಮಲಗಿತು. ಅವತ್ತಿನಿಂದ ಸ್ನಾನ ಆಗುವವರೆಗೆ ಅಜ್ಜಿ ಹಿತ್ತಲ ಬಾಗಿಲಲ್ಲೇ ನಿಲ್ಲತೊಡಗಿದಳು. ಫ್ಯಾಕ್ಟರಿಯಲ್ಲಿ ಮುಟ್ಟಿಸಿಕೊಳ್ಳದವರು ಇದ್ದರು. ಈಗ ಮನೆಯಲ್ಲೂ ಮುಟ್ಟುವಂತಿರಲಿಲ್ಲ.

ಧೂಳು ಎಳೆಯುವ ಮೆಷಿನ್ ಇಲ್ಲವೆಂದಲ್ಲ. ಹಸಿರು ಬಣ್ಣದ ದೊಡ್ಡದೊಂದು ಇತ್ತು. ಅದನ್ನು ಹಾಕುತ್ತಿರಲಿಲ್ಲ. ಕೇಳಿದರೆ ಲಕ್ಷ್ಮೀಕಾಂತ ಹೇಳುತ್ತಿದ್ದ: "ಅದು ಧೂಳಿನ ಜೊತೆ ಮಾಲನ್ನೂ ಎಳ್ಕೊಂಡು ಹೋಗುತ್ತೆ. ಈ ಪೌಡರ್ ಹಡಗಲ್ಲಿ ಬರೋದು ಗೊತ್ತಾ? ರೇಟು ದಿನಾ ಏರ್ತಾ ಇದೆ. ಇಟ್ಕೊಂಡಿರೋದು ಒಂದೇ ಗಿರಾಕಿ. ಎಷ್ಟು ರಿಸ್ಕ್ ತಗೊಂಡು ಸಾಹುಕಾರ್ರು ನಿಮಗೆಲ್ಲ ಅನ್ನ ಹಾಕ್ತಿದ್ದಾರೆ!"

ಮೆಷಿನ್ ಬದಲು ಬೆಲ್ಲವಿತ್ತು. ಬೆಲ್ಲ ತಿಂದರೆ ಗಂಟಲಲ್ಲಿ ಕೂತ ಧೂಳು ಇಳಿಯುತ್ತದೆ ಎಂದು ವಿಶ್ವಾರಾಧ್ಯನ ಅಪ್ಪ ಶುರು ಮಾಡಿದ್ದ ಪದ್ಧತಿ. ಸಂಜೆ ಚಹಾದ ಹೊತ್ತಿಗೆ ಲಕ್ಷ್ಮೀಕಾಂತ ಡಬ್ಬಿ ಹಿಡಿದು ಬರುತ್ತಿದ್ದ. ಹೆಂಗಸರು ಸಾಲಾಗಿ ನಿಂತು ಬೊಗಸೆ ಒಡ್ಡುತ್ತಿದ್ದರು. ಅವನು ಗೇಣುದ್ದ ಮೇಲಿನಿಂದ ಉಂಡೆ ಬಿಡುತ್ತಿದ್ದ. ಕೈಗೆ ಬಿದ್ದರೆ ಬಿತ್ತು. ನೆಲಕ್ಕೆ ಬಿದ್ದರೆ ಅವತ್ತು ಇಲ್ಲ.

ಬೆಲ್ಲ ತಿಂದೂ ಉಚ್ಚಂಗಮ್ಮನಿಗೆ ಕೆಮ್ಮು ಹತ್ತಿತು. ಮೆಟ್ಟಿಲ ಅರ್ಧದಲ್ಲಿ ಚೀಲ ಇಳಿಸಿ ಕಂಬಿ ಹಿಡಿದು ನಿಲ್ಲುವಂತಾಯಿತು. ವಿನೋಬನಗರದ ಡಾಕ್ಟರೊಬ್ಬರು ಎದೆ, ಬೆನ್ನು ನೋಡಿ, "ಆ ಪೌಡರ್ ಬಿಡಮ್ಮ. ಅದರಲ್ಲೇ ಇದ್ದರೆ ನಾನು ಔಷಧಿ ಬರೆಯೋದು ದಂಡ" ಅಂದರು. ಅವಳು ಬಂದು ಪ್ಯಾಕಿಂಗ್ ಹಾಲಿಗೆ ಹಾಕಿ ಎಂದು ಕೇಳಿದಳು. ಒಂದು ಸಲವಲ್ಲ, ಕೇಳುತ್ತಲೇ ಬಂದಳು. ಅಲ್ಲಿ ಕೂತು ಮಾಡುವ ಕೆಲಸ. ಧೂಳಿಲ್ಲ. ಲಕ್ಷ್ಮೀಕಾಂತ ಒಂದು ದಿನ ಬಿಡಿಸಿಯೇ ಹೇಳಿದ. "ಅಲ್ಲಿ ಹೆಂಗಸರು ಒಟ್ಟಿಗೆ ಕೂತು ಊಟ ಮಾಡ್ತಾರೆ ಮಾರಾಯ್ತಿ. ನೀನು ಹೋದ್ರೆ ಅವರಿಗೂ ಕಷ್ಟ, ನಿನಗೂ ಕಷ್ಟ."

ಇಷ್ಟು ಹಿಂದಿನದು. ಇನ್ನು ಅವತ್ತಿನದು.

ಸ್ಕೂಟರಿನ ಕಂಪನಿ ಚೆನ್ನೈಯಿಂದ ಅಮೂಲ್ಯ ಎಂಬ ಮೇಡಂ ಅವರನ್ನು ಕಳಿಸಿತ್ತು. ಕೆಲಸದವರಿಗೆ ಧೂಳು ತಾಗುತ್ತದೆಯೇ ಎಂದು ನೋಡುವುದು ಅವರ ಕೆಲಸ. ತಾಗುತ್ತದೆ ಎಂದಾದರೆ ಆರ್ಡರ್ ಇಲ್ಲ. ಹಿಂದಿನ ದಿನವೇ ಶೆಡ್ಡು ತೊಳೆದರು. ಹಸಿರು ಮೆಷಿನ್ನಿಗೆ ಪೂಜೆ ಮಾಡಿ ಹಾಕಿದರು. ಎಲ್ಲರಿಗೂ ನೀಲಿ ಕೋಟು, ಮೂಗಿಗೆ ಕವಚ. ಮೇಡಂ ಒಬ್ಬೊಬ್ಬರನ್ನೇ ಕೇಳಿದರು. ಧೂಳಿದೆಯಾ? ಇಲ್ಲ ಮೇಡಂ. ಕೆಮ್ಮು? ಇಲ್ಲ ಮೇಡಂ. ಹೇಳಿಕೊಟ್ಟ ಹಾಗೆ ಹೇಳಿದರು, ಉಚ್ಚಂಗಮ್ಮನೂ ಹೇಳಿದಳು. ಎಲ್ಲ ನುಣ್ಣಗೆ ನಡೆಯಿತು. ಎಲ್ಲವನ್ನೂ ಮುಚ್ಚಿದವರಿಗೆ ಬೆಲ್ಲವನ್ನು ಮುಚ್ಚಬೇಕೆಂದು ಹೊಳೆಯಲೇ ಇಲ್ಲ. ಅದು ಅವರ ಕಣ್ಣಿಗೆ ತಪ್ಪಾಗಿ ಕಂಡಿದ್ದರೆ ತಾನೆ? ಅದು ಧರ್ಮವಾಗಿತ್ತು. ಚಹಾದ ಹೊತ್ತಾಯಿತು. ಲಕ್ಷ್ಮೀಕಾಂತನ ಕಾಲು ತಾನಾಗಿ ಡಬ್ಬಿಯ ಕಡೆ ಹೋಯಿತು. ಹೆಂಗಸರ ಕೈ ತಾನಾಗಿ ಎದ್ದಿತು.

"ಇದ್ಯಾಕಮ್ಮ, ಬೆಲ್ಲ?" ಎಂದು ಮೇಡಂ ಕೇಳಿದರು.

"ಧೂಳು ಕುಡಿದಿರ್ತೀವಲ್ಲ ಮೇಡಂ, ಇಳೀಲಿ ಅಂತ" ಅಂದಳು ಉಚ್ಚಂಗಮ್ಮ. ಗೊತ್ತಿಲ್ಲದವರಿಗೆ ಗೊತ್ತಿದ್ದವರು ಹೇಳುವಷ್ಟು ಸಲೀಸಾಗಿ. ಲಕ್ಷ್ಮೀಕಾಂತನ ಮುಖ ಬೂದಿಯಾದ ಮೇಲೆಯೇ ಅವಳಿಗೂ ತಾನು ಆಡಿದ್ದು ಏನೆಂದು ತಿಳಿದದ್ದು. ಮೇಡಂ ನಾಳೆ ಮತ್ತೆ ಬರುತ್ತೇನೆ ಎಂದು ಹೊರಟುಹೋದರು.

ಈಗ ಲಕ್ಷ್ಮೀಕಾಂತ ಅವಳ ಫೋನು ಕಿತ್ತುಕೊಂಡ. ಬಟನ್ನಿನ ಹಳೇ ಫೋನು.

"ಇದು ಯಾರ ನಂಬರು?"

"ಗ್ಯಾಸಿನವರದ್ದು."

"ಇದು?"

"ನನ್ನ ಮಗಳದ್ದು."

"ಮಗಳು ಏನು ಓದಿದ್ದಾಳೆ?"

"ಪಿಯುಸಿ."

ಲಕ್ಷ್ಮೀಕಾಂತ ಸಾಹುಕಾರನ ಮುಖ ನೋಡಿದ. ಸಾಹುಕಾರ ಲಕ್ಷ್ಮೀಕಾಂತನ ಮುಖ ನೋಡಿದ. ಮೂಲ ಸಿಕ್ಕಿದ ಹಾಗೆ ಇಬ್ಬರೂ ತಲೆ ಆಡಿಸಿದರು. ಅಷ್ಟು ಹೊತ್ತು ಉಚ್ಚಂಗಮ್ಮನ ಪಕ್ಕವೇ ನಿಂತಿದ್ದ ಜಗದಾಂಬಾ ಮೆಲ್ಲಗೆ ಆಚೆ ಸರಿದಳು. ಎಷ್ಟೋ ವರ್ಷದಿಂದ ಒಂದೇ ಡ್ರಮ್ಮಿಗೆ ಚೀಲ ಮಗುಚಿದವಳು ಅವಳು. "ನಿನಗೆ ಏನಾದ್ರೂ ಕೊಟ್ಟಿದ್ದಾರೇನೇ ಯಾರಾದ್ರೂ?" ಎಂದು ಹೊರಗೆ ಬಂದ ಮೇಲೆ ಕಿವಿಯಲ್ಲಿ ಕೇಳಿದಳು. ಉಚ್ಚಂಗಮ್ಮ ಅವಳನ್ನು ಬಿಟ್ಟು ಮುಂದೆ ನಡೆದಳು.

ಆ ಸಂಜೆ ಭದ್ರಾವತಿಯ ಅವಳ ಮನೆಗೆ ಮೈದುನ ಶಿವಕುಮಾರ್ ಬಂದ. ಕೇರಿಯಿಂದ ಮೆಷಿನ್ ಹಾಲಿನೊಳಗೆ ಹೋದವನು ಅವನೊಬ್ಬನೇ. ಐಟಿಐ ಮಾಡಿದ್ದ. ಆದರೂ ಬುತ್ತಿ ಬಿಚ್ಚುತ್ತಿದ್ದದ್ದು ಸೈಕಲ್ ಸ್ಟ್ಯಾಂಡಿನಲ್ಲಿ. ಹಬ್ಬಕ್ಕೂ ಬಾರದವನು ಇವತ್ತು ಬಾಳೆಹಣ್ಣು ಹಿಡಿದು ಬಂದಿದ್ದ. ಹಣ್ಣು ನೋಡಿಯೇ ಉಚ್ಚಂಗಮ್ಮನಿಗೆ ಅನುಮಾನವಾಯಿತು.

"ಯಾರು ಕಳಿಸಿದ್ರು?"

"ಯಾರೂ ಇಲ್ಲ ಅತ್ಗೆ. ನಿನ್ನ ನೋಡಿ ಹೋಗೋಣ ಅಂತ..."

"ಶಿವು, ನನ್ನ ಮದುವೇಲಿ ನೀನು ಚಡ್ಡಿ ಹಾಕ್ಕೊಂಡು ಅಳ್ತಾ ಕೂತಿದ್ದೆ. ನನ್ನ ಹತ್ರ ಆಟ ಬೇಡ."

ಶಿವಕುಮಾರ್ ತಲೆ ತಗ್ಗಿಸಿ ಹೇಳಿದ. ನಾಳೆ ಮೇಡಂ ಬರುವ ಹೊತ್ತಿಗೆ ಮೆಷಿನ್ ಹಾಲಿನಲ್ಲಿ ಪೂಜೆ ಇರುತ್ತದೆ. ಶೆಡ್ಡಿನವರೂ ಒಳಗೆ ಬರಬೇಕು. ಬೆಲ್ಲ ಅಂದರೆ ಪೂಜೆಯ ಪ್ರಸಾದ, ದಿನಾ ಪೂಜೆ ಮಾಡಿ ದಿನಾ ಹಂಚುತ್ತಾರೆ, ನಿನ್ನೆ ಬಾಯಿ ತಪ್ಪಿ ಬೇರೇನೋ ಅಂದೆ ಎಂದು ಉಚ್ಚಂಗಮ್ಮ ಹೇಳಬೇಕು. ಹೇಳಿದರೆ ನಾಳೆಯಿಂದಲೇ ಪ್ಯಾಕಿಂಗ್ ಹಾಲು.

"ಹೇಳದೆ ಇದ್ರೆ?"

"ಆರ್ಡರ್ ಹೋಗುತ್ತೆ ಅತ್ಗೆ. ಇಡೀ ಫ್ಯಾಕ್ಟರಿ ಮುಚ್ಚುತ್ತೆ ಅಂತಾರೆ. ಮೊದಲು ನನ್ನ ಹೊರಗೆ ಹಾಕ್ತಾರೆ."

ಗಂಡ ನಾಗಯ್ಯ ಗೋಡೆಗೆ ಒರಗಿ ಕೂತಿದ್ದ. ಊರಿನ ದೊಡ್ಡ ಕಾರ್ಖಾನೆಯಲ್ಲಿ ಗುತ್ತಿಗೆಯ ಆಳಾಗಿದ್ದು, ಕೆಲಸ ನಿಂತ ಮೇಲೆ ಸಿಕ್ಕಿದ ಕೂಲಿಗೆ ಹೋಗುವವನು. "ಹೇಳಿಬಿಡೇ" ಅಂದ. "ಒಂದು ಸುಳ್ಳು. ನಿನ್ನ ಎದೆ ಉಳಿಯುತ್ತೆ."

ಮಾತು ಸುಳ್ಳಲ್ಲ. ಅದೇ ಅವಳಿಗೆ ಹಿಂಸೆ. ಬೇಡಿ ಬೇಡಿ ಸಿಗದಿದ್ದ ಜಾಗ ಈಗ ತಾನಾಗಿ ಮನೆ ಬಾಗಿಲಿಗೆ ಬಂದಿತ್ತು. ಕೂಸನ್ನು ಎತ್ತಿಕೊಳ್ಳಬಹುದು. ಮೆಟ್ಟಿಲ ಅರ್ಧದಲ್ಲಿ ನಿಲ್ಲಬೇಕಿಲ್ಲ. ಇಷ್ಟು ಸುಲಭವಾಗಿ ಕೊಡುವಂಥದ್ದನ್ನು ಇಷ್ಟು ವರ್ಷ ಯಾಕೆ ಕೊಡಲಿಲ್ಲ? ಒಟ್ಟಿಗೆ ಕೂತು ಉಣ್ಣುವ ಆ ಹೆಂಗಸರ ಕಷ್ಟ ರಾತ್ರೋರಾತ್ರಿ ಎಲ್ಲಿಗೆ ಹೋಯಿತು? ನಾಳೆ ಮೇಡಂ ಚೆನ್ನೈಗೆ ಹೋದ ಮೇಲೆ ಆ ಕಷ್ಟ ತಿರುಗಿ ಬಂದರೆ? ಅನುಮಾನಗಳನ್ನೆಲ್ಲ ನುಂಗಿಕೊಂಡು ಅವಳು "ಆಯ್ತು, ಹೇಳ್ತೀನಿ" ಅಂದಳು. ಶಿವಕುಮಾರ್ ಹಣ್ಣು ಇಟ್ಟು ಎದ್ದ.

ಮರುದಿನ ಬೆಳಗ್ಗೆ ಎಂದಿನಂತೆ ಚೀಲ ಹೊರಿಸಿದರು. ಹಸಿರು ಮೆಷಿನ್ ಮತ್ತೆ ಸುಮ್ಮನಿತ್ತು. ಮೇಡಂ ಹೋಟೆಲ್ಲಿನಿಂದ ಹೊರಟರು ಎಂದು ಸುದ್ದಿ ಬಂದ ಮೇಲೆ ಅದನ್ನು ಹಾಕಿ, ಹೆಂಗಸರಿಗೆ ಧೂಳಿನ ಸೀರೆಯ ಮೇಲೆಯೇ ನೀಲಿ ಕೋಟು ತೊಡಿಸಿ, ಮೆಷಿನ್ ಹಾಲಿಗೆ ಕರೆದರು.

ಉಚ್ಚಂಗಮ್ಮ ಹೊಸಿಲ ಬಳಿ ನಿಂತಳು. ಆಯುಧಪೂಜೆಯ ದಿನ ಅವರು ನಿಲ್ಲುತ್ತಿದ್ದದ್ದು ಅಲ್ಲೇ. ಒಳಗೆ ಮಂಗಳಾರತಿ ಆಗುತ್ತಿತ್ತು. ಹೊರಗೆ ಪೇಪರಿನಲ್ಲಿ ಕಟ್ಟಿದ ಮಂಡಕ್ಕಿ ಬರುತ್ತಿತ್ತು.

"ಬನ್ನಿ, ಬನ್ನಿ, ಒಳಗೆ ಬನ್ನಿ" ಎಂದು ವಿಶ್ವಾರಾಧ್ಯ ನಗುತ್ತಾ ಕರೆದ, ಮಗಳ ಮದುವೆಗೆ ಬಂದವರನ್ನು ಕರೆದ ಹಾಗೆ. ಅಂಗಾಲಿಗೆ ಟೈಲ್ಸ್ ತಣ್ಣಗೆ ತಾಗಿತು. ಇಷ್ಟು ವರ್ಷ ಇದೇ ಫ್ಯಾಕ್ಟರಿಯಲ್ಲಿ ಇಂಥ ನೆಲವಿತ್ತು.

ದೇವಿಯ ಪಟಕ್ಕೆ ಹೂವಿನ ಹಾರ. ಮುಂದೆ ತಟ್ಟೆಯಲ್ಲಿ ಬೆಲ್ಲ. ಮೇಡಂ ಬರುವುದಕ್ಕೆ ಮೊದಲು ಒಂದು ಸಲ ಮಾಡಿ ನೋಡೋಣ ಎಂದ ವಿಶ್ವಾರಾಧ್ಯ. ಉಚ್ಚಂಗಮ್ಮ ಬೊಗಸೆ ಒಡ್ಡಿದಳು. ಲಕ್ಷ್ಮೀಕಾಂತನ ಕೈ ಗೇಣುದ್ದ ಮೇಲಕ್ಕೆ ಹೋಯಿತು. ಬೆಲ್ಲ ಟಪ್ಪೆಂದು ಬಿತ್ತು.

"ಏ, ಪ್ರಸಾದ ಹಾಗೆ ಕೊಡ್ತಾರೇನೋ? ಕೈಯೊಳಗೆ ಇಡೋ ಮಾರಾಯ!"

ಲಕ್ಷ್ಮೀಕಾಂತ ಮತ್ತೆ ಮಾಡಿದ. ಕೈ ಇಳಿಯಿತು, ಇಳಿಯಿತು, ಎರಡು ಬೆರಳು ಮೇಲೆ ನಿಂತುಬಿಟ್ಟಿತು. ಬೆಲ್ಲ ಬಿತ್ತು.

"ಅಭ್ಯಾಸ ಸಾರ್" ಅಂದ, ಹಲ್ಲು ಕಿರಿದು.

"ಅವನ ಕೈಗೆ ಸ್ಪ್ರಿಂಗ್ ಇದೆ!" ಎಂದು ಯಾರೋ ಹೇಳಿದರು. ಎಲ್ಲರೂ ನಕ್ಕರು. ಜಗದಾಂಬಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಉಚ್ಚಂಗಮ್ಮನಿಗೂ ನಗು ಬಂತು. ಅಲ್ಲಿಯವರೆಗೂ ಅವಳು ಸುಳ್ಳು ಹೇಳಲು ಸಿದ್ಧವಾಗಿಯೇ ನಿಂತಿದ್ದಳು.

ಹೊರಗೆ ಕಾರು ನಿಂತಿತು. ಅಮೂಲ್ಯ ಮೇಡಂ ಇಳಿದರು. ನಿನ್ನೆ ಬಾಡಿಗೆ ಟ್ಯಾಕ್ಸಿಯಲ್ಲಿ ಬಂದವರು ಇವತ್ತು ವಿಶ್ವಾರಾಧ್ಯನ ಕಾರಿನಲ್ಲಿ ಬಂದಿದ್ದರು. ಸವಳಂಗ ರಸ್ತೆಯ ಹೋಟೆಲ್ಲಿನ ದೋಸೆ ಹೇಗಿತ್ತು ಎಂದು ವಿಶ್ವಾರಾಧ್ಯ ಕೇಳಿದ. ಚೆನ್ನಾಗಿತ್ತು ಎಂದು ಅವರು ನಕ್ಕರು. ಅದನ್ನು ಉಚ್ಚಂಗಮ್ಮ ನೋಡಿದಳು.

ಮಂಗಳಾರತಿ ಆಯಿತು. ಲಕ್ಷ್ಮೀಕಾಂತ ತಟ್ಟೆ ಹಿಡಿದು ಬಂದ. ಈ ಸಲ ಕೈ ಪೂರ್ತಿ ಇಳಿಯಿತು. ಅವನ ಬೆರಳು ಉಚ್ಚಂಗಮ್ಮನ ಅಂಗೈಯನ್ನು ಮುಟ್ಟಿತು. ತಣ್ಣಗಿತ್ತು. ಬೆಲ್ಲ ಕೂತಿತು. ಮೇಡಂ ಫೋನಿನಲ್ಲಿ ಫೋಟೋ ತೆಗೆದರು. ಲಕ್ಷ್ಮೀಕಾಂತ ಮುಂದಿನವಳ ಕಡೆ ತಿರುಗುತ್ತಾ ಕೈಯನ್ನು ಬೆನ್ನ ಹಿಂದೆ ಒಯ್ದ. ಪ್ಯಾಂಟಿನ ಹಿಂಬದಿಗೆ ಬೆರಳುಗಳನ್ನು ಒರೆಸಿದ. ಒಂದು ಸಲ ಅಲ್ಲ. ಎರಡು ಸಲ, ಒತ್ತಿ.

ಪಕ್ಕದಲ್ಲೇ ನಿಂತಿದ್ದ ಉಚ್ಚಂಗಮ್ಮನಿಗೆ ಅದು ಕಂಡಿತು.

"ಅಮ್ಮ, ಇದು ಪ್ರಸಾದಾನಾ?" ಎಂದರು ಮೇಡಂ.

"ಅಲ್ಲ."

ಶಿವಕುಮಾರ್ ಮೆಷಿನ್ನಿನ ಹಿಂದೆ ಕಣ್ಣು ಮುಚ್ಚಿಕೊಂಡ.

"ಪ್ರಸಾದ ಕೊಡಬೇಕಾದ್ರೆ ಪೂಜೆಗೆ ಒಳಗೆ ಕರೀಬೇಕು ಮೇಡಂ. ನಾನು ಈ ನೆಲ ತುಳಿದಿದ್ದು ಇವತ್ತೇ. ಇದು ಧೂಳಿಗೆ ಕೊಡೋದು. ಆ ಹಸಿರು ಮೆಷಿನ್ ನೀವು ಬಂದಾಗ ಮಾತ್ರ ತಿರುಗೋದು. ಪೌಡರ್ ದುಬಾರಿ ಅಂತೆ. ನಮ್ಮ ಎದೆ ಅಗ್ಗ."

"ಇವಳಿಗೆ ತಲೆ ಕೆಟ್ಟಿದೆ ಮೇಡಂ" ಎಂದು ಲಕ್ಷ್ಮೀಕಾಂತ ಮುಂದೆ ನುಗ್ಗಿದ.

ವಿಶ್ವಾರಾಧ್ಯ ಮಾತ್ರ ಗಾಬರಿಯಾಗಲಿಲ್ಲ. ಮೇಡಂ ಕಡೆ ತಿರುಗಿ, ನಾನು ಬೆಳಗ್ಗೆಯೇ ಫೋನಿನಲ್ಲಿ ಹೇಳಿರಲಿಲ್ಲವೇ ಎನ್ನುವ ಹಾಗೆ ಕೈ ಅಗಲಿಸಿದ. ಮೇಡಂ ಫೋನು ಕೆಳಗಿಳಿಸಿದರು. ದನಿ ಮೆತ್ತಗೆ ಮಾಡಿಕೊಂಡು ಕೇಳಿದರು.

"ಅಮ್ಮ, ನಿಮ್ಮನ್ನ ಪ್ಯಾಕಿಂಗಿಗೆ ಹಾಕಲಿಲ್ಲ ಅಂತ ಇವರ ಮೇಲೆ ಸಿಟ್ಟಿದೆಯಂತಲ್ಲ, ಹೌದಾ?"

ಅಲ್ಲಿಗೆ ಉಚ್ಚಂಗಮ್ಮನಿಗೆ ಎಲ್ಲ ಗೊತ್ತಾಯಿತು. ಅವಳು ಸುಳ್ಳು ಹೇಳಿದರೆ ಒಂದು ದಾರಿ. ನಿಜ ಹೇಳಿದರೆ ಅದಕ್ಕೂ ಒಂದು ದಾರಿ ಮಾಡಿಟ್ಟಿದ್ದರು. ಮೇಡಂ ದೋಸೆ ತಿನ್ನುವ ಹೊತ್ತಿಗೇ ಅವಳ ಮಾತಿಗೆ ಬೆಲೆ ಇಲ್ಲದಂತೆ ಮಾಡಿ ಮುಗಿಸಿದ್ದರು.

"ಸಿಟ್ಟಿದೆ" ಅಂದಳು. "ನನಗೆ ಸಿಟ್ಟಿದ್ರೆ ಧೂಳು ಸುಳ್ಳಾಗುತ್ತಾ ಮೇಡಂ?"

ಮೇಡಂ ವಿಶ್ವಾರಾಧ್ಯನ ಕಡೆ ನೋಡಿದರು. ಉಚ್ಚಂಗಮ್ಮ ಅಂಗೈಯಲ್ಲಿದ್ದುದನ್ನು ಲಕ್ಷ್ಮೀಕಾಂತನ ತಟ್ಟೆಗೆ ಹಾಕಿದಳು. ಹಾಕುವಾಗ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವನು ಕೊಸರಿದ. ಅವಳು ತನಗೆ ಬಿಡಬೇಕೆನಿಸಿದಾಗ ಬಿಟ್ಟಳು.

"ಈಗ ಒರೆಸ್ಕೊ. ಮೇಡಂ ನೋಡ್ಲಿ."

ಅವಳು ತಿರುಗಿ ನಡೆದಳು. "ಅತ್ಗೆ!" ಎಂದು ಶಿವಕುಮಾರ್ ಕೂಗಿದ. ಆ ಕೂಗಿನಲ್ಲಿ ಸಿಟ್ಟಿತ್ತೋ ಅಳುವಿತ್ತೋ. ಅವಳು ನಿಲ್ಲಲಿಲ್ಲ. ಜಗದಾಂಬಾ ದಾರಿ ಬಿಟ್ಟಳು. ಹಾಗೆ ಬಿಡುವಾಗ ಅವಳ ಕೈ ಉಚ್ಚಂಗಮ್ಮನ ಕೋಟಿನ ತೋಳನ್ನು ಒಂದು ಸಲ ಹಿಡಿಯಿತು. ಹಿಡಿದದ್ದೋ, ತಡೆದದ್ದೋ, ಉಚ್ಚಂಗಮ್ಮ ವಿಚಾರಿಸಲಿಲ್ಲ.

ಗೇಟಿನ ಒಳಗೆ, ವಾಚ್‌ಮನ್ನಿನ ಕುರ್ಚಿಯ ಪಕ್ಕ, ಒಂದು ನೀಲಿ ಟಾರ್ಪಾಲು ಹಾಸಿರುತ್ತಿತ್ತು. ಶೆಡ್ಡಿನ ಹೆಂಗಸರು ಹೊರಗೆ ಹೋಗುವ ಮುನ್ನ ಅದರ ಮೇಲೆ ನಿಂತು ಸೀರೆ, ಸೆರಗು, ತಲೆಗೂದಲು ಕೊಡವಬೇಕು. ಬಿದ್ದ ಪೌಡರನ್ನು ಗುಡಿಸಿ ಮತ್ತೆ ಚೀಲಕ್ಕೆ ತುಂಬುತ್ತಿದ್ದರು. ಕಂಪನಿಯ ಮಾಲು ಯಾರ ಮೈಮೇಲೂ ಹೊರಗೆ ಹೋಗುವಂತಿಲ್ಲ.

ಉಚ್ಚಂಗಮ್ಮ ನೀಲಿ ಕೋಟು ಬಿಚ್ಚಿ ಅದರ ಮೇಲೆ ಎಸೆದಳು. ಒಳಗಿನ ಸೀರೆ ಪೌಡರಿನಿಂದ ಬೆಳ್ಳಗಿತ್ತು.

"ಕೊಡವಮ್ಮ" ಅಂದ ವಾಚ್‌ಮನ್, ಕೂತಲ್ಲಿಂದಲೇ.

ಅವಳು ಟಾರ್ಪಾಲಿನ ಮೇಲೆ ಕಾಲಿಡದೆ, ಬದಿಯಿಂದ ಹಾದು ಗೇಟು ದಾಟಿದಳು. ಅವನು ಇನ್ನೊಂದು ಸಲ ಕೂಗಿದ. ಅವಳು ಭದ್ರಾವತಿಯ ಕಡೆಗೆ ಕೆಮ್ಮುತ್ತಾ ನಡೆದೇ ಹೋದಳು. ಆ ಗೇಟಿನ ಕಡೆಗೆ ಮತ್ತೆ ಬರಲಿಲ್ಲ.